ಆಫ್ರಿಕದ ದಕ್ಷಿಣಭಾಗದಲ್ಲಿ ಪ್ರವಾಸಿ ಕುಟುಂಬಗಳ ವಸತಿ

ಆಫ್ರಿಕ ಖಂಡದ ದಕ್ಷಿಣಭಾಗದ ದೇಶಗಳಾದ ದಕ್ಷಿಣ ಆಫ್ರಿಕ, ನಮೀಬಿಯ, ಬೋಟ್ಸ್‌ವಾನ, ಜಿಂಬಾಬ್ವೆ, ಜಾಂಬಿಯ, ಎಸ್ವಾಟಿನಿಗಳಲ್ಲಿ ಮಕ್ಕಳುಮರಿಗಳೊಡನೆ ಸಂಚರಿಸುವವರು ಇಳಿದುಕೊಳ್ಳುವ ತಂಗುದಾಣಗಳ ಬಗೆ, ಅವುಗಳ ಪೂರ್ವೇತಿಹಾಸ, ಅವನ್ನು ಆರಿಸಿಕೊಳ್ಳುವಲ್ಲಿ ಇರಬೇಕಾದ ವಿವೇಚನೆ, ಇವಿಷ್ಟು ಈ ಲೇಖನದ ವಸ್ತು. ನಗರಗಳನ್ನೂ ದೇಗುಲಗಳನ್ನೂ ನೋಡಲು ಹೊರಟ ಯಾತ್ರಿಕನಿಗೆ ಬಿಡಾರವೆಂಬುದು ರಾತ್ರಿ ತಲೆಯೂರಲು ಒಂದು ಎಡೆ. ಅದು ನಾಲ್ಕು ಬೀದಿ ಆಚೆಗಿದ್ದರೂ ಈಚೆಗಿದ್ದರೂ ನೋಡಬೇಕಾದುದೇನೂ ತಪ್ಪಿಹೋಗುವುದಿಲ್ಲ. ಆಫ್ರಿಕದ ಈ ನಾಡುಗಳಲ್ಲಾದರೋ ಯಾತ್ರಿಕರನ್ನು ಮುಖ್ಯವಾಗಿ ಸೆಳೆಯುವುದು ವನ್ಯಮೃಗಗಳು. ಅವು ಕಾಣಸಿಗುವುದು ಬೆಳಗಿನ ಮತ್ತು ಸಂಜೆಯ ತಂಪಿನ ಹೊತ್ತಿನಲ್ಲಿ. ಅರಣ್ಯದ ಬಾಗಿಲುಗಳು ತೆರೆದು ಮುಚ್ಚುವುದೋ ಸೂರ್ಯನ ಉದಯಾಸ್ತಗಳನ್ನು ಅನುಸರಿಸಿ. ಆದುದರಿಂದ ಬಾಗಿಲಿನ ಒಳಗೆ ತಂಗಿದವನಿಗೂ ಹೊರಗೆ ತಂಗಿದವನಿಗೂ ಒಂದೇ ಅರಣ್ಯದಲ್ಲಿ ಎರಡು ಬೇರೆ ಬೇರೆ ದಿನಗಳು ದೊರೆಯುತ್ತವೆ. ಎಲ್ಲಿ ತಂಗುವುದೆಂದು ನಿಶ್ಚಯಿಸಿದರೆ ಏನನ್ನು ಕಾಣುವುದೆಂಬುದೂ ಬಹುಮಟ್ಟಿಗೆ ನಿಶ್ಚಯವಾದಂತೆಯೇ.

ದೂರ ಮತ್ತು ಋತು

ಈ ಭೂಭಾಗದ ವೈಶಾಲ್ಯವು ನಕ್ಷೆಯ ಮೇಲೆ ಬೆರಳಿಟ್ಟು ಅಳೆಯುವಾಗ ಮನಸ್ಸಿಗೆ ಹತ್ತುವುದಿಲ್ಲ. ಜೋಹಾನ್ಸ್‌ಬರ್ಗಿನಿಂದ ಕೇಪ್‌ಟೌನಿಗೆ ರಸ್ತೆಯ ದೂರ ಸುಮಾರು 1,400 ಕಿ.ಮೀ.; ಅದೇ ನಗರದಿಂದ ಕ್ರೂಗರ್ ರಾಷ್ಟ್ರೀಯೋದ್ಯಾನದ ಅತಿ ಸಮೀಪದ ದ್ವಾರಗಳಿಗೇ ಸುಮಾರು 400 ಕಿ.ಮೀ. ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಮಗ್ಗುಲಲ್ಲಿ ಓಡುವುದರಿಂದ ಭಾರತೀಯ ಚಾಲಕನಿಗೆ ಹೊಸ ಅಭ್ಯಾಸವೇನೂ ಬೇಕಾಗದು. ಆದರೆ ದಿನಕ್ಕೊಂದು ಊರಿನಂತೆ ಬಿಡಾರ ಬದಲಾಯಿಸುತ್ತ ಹೋದರೆ ಮಕ್ಕಳು ಕಾಣುವುದು ಕಾರಿನ ಕಿಟಕಿಯನ್ನೇ ಹೊರತು ಆಫ್ರಿಕವನ್ನಲ್ಲ. ಒಂದು ನೆಲೆಯಲ್ಲಿ ಮೂರು ರಾತ್ರಿಗಳಿಗೆ ಕಡಮೆಯಿಲ್ಲದಂತೆ ತಂಗುವುದು ಕುಟುಂಬ ಪ್ರವಾಸಕ್ಕೆ ಲೇಸು.

ಇಲ್ಲಿನ ಋತುಗಳು ನಮ್ಮವಕ್ಕೆ ವಿಪರ್ಯಯ. ಒಳನಾಡಿನಲ್ಲಿ ಮಳೆ ಬೀಳುವುದು ನವೆಂಬರಿನಿಂದ ಮಾರ್ಚಿಯವರೆಗಿನ ಬೇಸಗೆಯಲ್ಲಿ. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಒಣಗಾಲ. ಕೇಪ್‌ಟೌನಿನ ಸುತ್ತಣ ಪ್ರದೇಶ ಮಾತ್ರ ಮೆಡಿಟರೇನಿಯನ್ ವಾಯುಗುಣಕ್ಕೆ ಸೇರಿ ಜೂನ್-ಆಗಸ್ಟಿನ ಚಳಿಗಾಲದಲ್ಲಿ ಮಳೆ ಪಡೆಯುತ್ತದೆ. ಕರ್ನಾಟಕದ ಶಾಲೆಗಳ ಎರಡು ರಜೆಗಳನ್ನು ಈ ಪಂಚಾಂಗಕ್ಕೆ ಹೊಂದಿಸಿ ನೋಡಿದರೆ, ಏಪ್ರಿಲ್-ಮೇ ತಿಂಗಳುಗಳ ದೊಡ್ಡ ರಜೆ ಅಲ್ಲಿಯ ಶರತ್ಕಾಲ: ಹವೆ ಹಿತ, ನೆಲ ಹಸುರು, ಹುಲ್ಲು ಇನ್ನೂ ಎತ್ತರವಾಗಿರುವುದರಿಂದ ಮೃಗದರ್ಶನ ತುಸು ಪ್ರಯಾಸ. ದಸರೆಯ ರಜೆ ಒಣಗಾಲದ ಕೊನೆ: ಬಿಸಿಲು ಕಠಿಣ, ಧೂಳು ವಿಪರೀತ, ಆದರೆ ನೀರು ಉಳಿದಿರುವ ನಾಲ್ಕಾರು ಹೊಂಡಗಳಿಗೆ ಪ್ರಾಣಿಗಳೆಲ್ಲ ತಾವಾಗಿಯೇ ಬಂದು ನೆರೆಯುವ ಕಾಲ.

ಇತಿಹಾಸ

ಸುಸಜ್ಜಿತ ವಸತಿಗೃಹಗಳು ಇಲ್ಲಿ ಮೊದಲು ತಲೆಯೆತ್ತಿದ್ದು ಹಡಗು ಮತ್ತು ರೈಲುಗಳ ಬೆನ್ನ ಹಿಂದೆ. ಕೇಪ್‌ಟೌನಿನಲ್ಲಿ ಮೌಂಟ್ ನೆಲ್ಸನ್ ಹೋಟೆಲು 1899ರಲ್ಲಿ ತೆರೆದದ್ದು ಇಂಗ್ಲೆಂಡಿನಿಂದ ಬರುತ್ತಿದ್ದ ಹಡಗಿನ ಪ್ರಯಾಣಿಕರಿಗಾಗಿ. ವಿಕ್ಟೋರಿಯ ಜಲಪಾತದ ಬಳಿಯ ಹೋಟೆಲು 1904ರಲ್ಲಿ ಆರಂಭವಾದದ್ದು ಜಾಂಬೆಜಿ ನದಿಯ ಮೇಲೆ ಸೇತುವೆ ಕಟ್ಟಿಸುತ್ತಿದ್ದ ರೈಲ್ವೆಯ ಆಶ್ರಯದಲ್ಲಿ. ಅರಣ್ಯದೊಳಗಣ ವಸತಿಗೆ ದಾರಿ ತೆರೆದದ್ದು ಆನಂತರ. 1898ರಲ್ಲಿ ಸಾಬಿ ಮೃಗಧಾಮವಾಗಿ ಘೋಷಿತವಾದ ಕಾಡು 1926ರಲ್ಲಿ ವಿಸ್ತಾರಗೊಂಡು ಕ್ರೂಗರ್ ರಾಷ್ಟ್ರೀಯೋದ್ಯಾನವಾಯಿತು. ಮರುವರ್ಷ ಪ್ರವಾಸಿಗರಿಗೆ ಬಾಗಿಲು ತೆರೆದಾಗ ಒಳಬಂದ ಕಾರುಗಳು ಮೂರೇ ಮೂರು. 1902ರಿಂದ 1946ರವರೆಗೆ ಈ ಕಾಡನ್ನು ಪಾಲಿಸಿದ ಜೇಮ್ಸ್ ಸ್ಟೀವನ್‌ಸನ್-ಹ್ಯಾಮಿಲ್ಟನ್‌ಗೆ ಸ್ಥಳೀಯ ತ್ಸೋಂಗ ಜನರು ಇಟ್ಟ ಅಡ್ಡಹೆಸರು, ಗುಡಿಸಿ ಹಾಕುವವನೆಂಬರ್ಥದ ‘ಸ್ಕುಕೂಜ’, ಈಗ ಉದ್ಯಾನದ ಅತಿ ದೊಡ್ಡ ಬಿಡಾರದ ಹೆಸರಾಗಿ ನಿಂತಿದೆ.

ಈ ಇತಿಹಾಸಕ್ಕೆ ಒಂದು ಕಹಿಯಾದ ಮುಖವೂ ಉಂಟು. ತಂಗಲು ಎಡೆ ಯಾರಿಗೆ ಉಂಟು, ಯಾರಿಗೆ ಇಲ್ಲ ಎಂಬುದನ್ನು ದೀರ್ಘಕಾಲ ನಿರ್ಣಯಿಸಿದ್ದು ಮೈಬಣ್ಣ. 1893ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗಿನ ನಿಲ್ದಾಣದಲ್ಲಿ ರೈಲಿನಿಂದ ಹೊರದೂಡಿಸಿಕೊಂಡ ತರುಣ ಗಾಂಧಿ ಜೋಹಾನ್ಸ್‌ಬರ್ಗಿಗೆ ಬಂದು ದೊಡ್ಡ ಹೋಟೆಲೊಂದರಲ್ಲಿ ಕೋಣೆ ಕೇಳಿದಾಗ, ವ್ಯವಸ್ಥಾಪಕನು ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಎಲ್ಲವೂ ಭರ್ತಿಯಾಗಿದೆಯೆಂದು ಸೌಜನ್ಯದಿಂದಲೇ ಹೇಳಿ ಕಳುಹಿಸಿದನು. ಪ್ರಿಟೋರಿಯದಲ್ಲಿ ಒಬ್ಬ ಹೋಟೆಲಿನವನು ಎಡೆ ಕೊಟ್ಟನಾದರೂ ಊಟವನ್ನು ಕೋಣೆಯಲ್ಲೇ ಮಾಡಬೇಕೆಂಬ ಷರತ್ತಿನ ಮೇಲೆ; ಅನಂತರ ಉಳಿದ ಅತಿಥಿಗಳನ್ನು ವಿಚಾರಿಸಿ, ಯಾರಿಗೂ ಆಕ್ಷೇಪಣೆಯಿಲ್ಲವೆಂದು ತಿಳಿದ ಮೇಲೆ, ತಾನಾಗಿ ಬಂದು ಊಟದ ಮನೆಗೆ ಕರೆದನು. ವೈಯಕ್ತಿಕ ವರ್ತನೆಯಾಗಿದ್ದ ಈ ಭೇದಕ್ಕೆ 1953ರ ಪ್ರತ್ಯೇಕ ಸೌಕರ್ಯಗಳ ಕಾನೂನು ಶಾಸನದ ಬಲವನ್ನು ಕೊಟ್ಟಿತು. ಕ್ರೂಗರಿನಂಥ ಅರಣ್ಯದಲ್ಲಿಯೂ ಕರಿಯ ಪ್ರವಾಸಿಗರಿಗೆ ಬಲೂಲೆ ಎಂಬ ಸಣ್ಣ ಬಿಡಾರವನ್ನು ಮಾತ್ರ ಬಿಟ್ಟುಕೊಟ್ಟಿದ್ದ ಕಾಲವೊಂದಿತ್ತು. ಆ ಕಾನೂನು ರದ್ದಾದದ್ದು 1990ರಲ್ಲಿ.

ವಸತಿಯ ಬಗೆಗಳು

ಇಂದು ದೊರೆಯುವ ವಸತಿಗಳನ್ನು ಸ್ಥೂಲವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯವು ರಾಷ್ಟ್ರೀಯೋದ್ಯಾನಗಳೊಳಗಣ ಸರ್ಕಾರಿ ಬಿಡಾರಗಳು, ಅಂದರೆ ರೆಸ್ಟ್ ಕ್ಯಾಂಪುಗಳು. ಇವಕ್ಕೆ ಬೇಲಿಯುಂಟು, ಅಂಗಡಿಯುಂಟು, ಪೆಟ್ರೋಲ್ ಬಂಕ್ ಉಂಟು, ಕೆಲವೆಡೆ ಈಜುಕೊಳವೂ ಉಂಟು. ಎರಡನೆಯವು ಖಾಸಗಿ ಮೃಗಧಾಮಗಳ ಲಾಡ್ಜುಗಳು. ಊಟ, ತೆರೆದ ಜೀಪಿನಲ್ಲಿ ದಿನಕ್ಕೆರಡು ಸವಾರಿ, ಹೆಜ್ಜೆಗುರುತು ಹಿಡಿಯುವ ನಿಪುಣರ ಸೇವೆ ಇವೆಲ್ಲ ಬಾಡಿಗೆಯಲ್ಲೇ ಸೇರಿರುತ್ತವೆಯಾಗಿ ಬಾಡಿಗೆಯೂ ಅದಕ್ಕೆ ತಕ್ಕಷ್ಟು ಭಾರಿ. ಮೂರನೆಯವು ಪಟ್ಟಣಗಳ ಅತಿಥಿಗೃಹಗಳು, ಬೆಳಗಿನ ಉಪಾಹಾರ ಕೊಡುವ ಮನೆಗಳು, ಸ್ವಯಂಪಾಕದ ಸೌಕರ್ಯವುಳ್ಳ ಅಪಾರ್ಟ್‌ಮೆಂಟುಗಳು, ನಮೀಬಿಯದಲ್ಲಿ ಪ್ರಸಿದ್ಧವಾದ ಕೃಷಿಕ್ಷೇತ್ರದ ಅತಿಥಿಗೃಹಗಳು. ನಾಲ್ಕನೆಯದು ಡೇರೆ: ನೆಲದ ಮೇಲೆ ಹೂಡಿದ್ದಾಗಲಿ, ವಾಹನದ ನೆತ್ತಿಯ ಮೇಲೆ ಬಿಚ್ಚಿಕೊಳ್ಳುವುದಾಗಲಿ, ಸ್ನಾನಗೃಹವನ್ನೂ ಮಂಚವನ್ನೂ ಒಳಗೊಂಡ ಸ್ಥಾಯಿ ಡೇರೆಯಾಗಲಿ.

ಕುಟುಂಬದೊಡನೆ ಬರುವವರಿಗೆ ಹೆಚ್ಚು ಒಗ್ಗಿದ್ದು ಮೊದಲ ವರ್ಗವೆಂಬುದರಲ್ಲಿ ಸಂದೇಹವಿಲ್ಲ. ಅದರ ಮೂಲರೂಪವಾದ ರೊಂಡಾವೆಲನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ. ಆಫ್ರಿಕದ ಹಳ್ಳಿಯ ದುಂಡುಗುಡಿಸಲೇ ಇದರ ತಾಯಿ. ವೃತ್ತಾಕಾರದ ಗೋಡೆ, ಅದರ ಮೇಲೆ ಶಂಕುವಿನಾಕಾರದ ಹುಲ್ಲು ಹೊದಿಕೆ. ಹಾಸಿಗೆಯ ಮೇಲೆ ಅಂಗಾತ ಮಲಗಿ ನೋಡಿದರೆ ಗಳುಗಳೆಲ್ಲ ಕೊಡೆಯ ಕಡ್ಡಿಗಳಂತೆ ನೆತ್ತಿಯ ಒಂದೇ ಬಿಂದುವಿಗೆ ಹೋಗಿ ಸೇರುವುದು ಕಾಣುತ್ತದೆ. ಮೂಲೆಯೆಂಬುದಿಲ್ಲದ ಕೋಣೆಯಾದ್ದರಿಂದ ಮಂಚಗಳು ಗೋಡೆಗೆ ಒತ್ತಿಕೊಳ್ಳಲಾರವು. ಆ ಹಿಂದಣ ಸಂದಿಯಲ್ಲಿ ಮಕ್ಕಳ ಕಾಲುಚೀಲಗಳು ಕಾಣೆಯಾಗುವುದು ಸಾಮಾನ್ಯ. ಹೊರಗೆ ಸಣ್ಣ ಜಗಲಿ. ಅಲ್ಲಿಯೇ ಅಡುಗೆಯ ಕಟ್ಟೆ, ಪಾತ್ರೆಯ ಕಪಾಟು, ತಂಗಳುಪೆಟ್ಟಿಗೆ. ಕೋತಿಗಳು ಅದನ್ನು ತೆರೆಯುವ ವಿದ್ಯೆಯನ್ನು ಎಂದೋ ಕಲಿತಿರುವುದರಿಂದ ಅದಕ್ಕೊಂದು ಅಗಳಿ ಅಥವಾ ಕಂಬಿಯ ಪಂಜರ. ಅಂಗಳದಲ್ಲಿ ಕೆಂಡದ ಒಲೆ. ಇದಕ್ಕೆ ಅಲ್ಲಿಯವರು ‘ಬ್ರಾಯ್’ ಎನ್ನುತ್ತಾರೆ. ಸಂಜೆ ದ್ವಾರ ಮುಚ್ಚಿದೊಡನೆ ಬಿಡಾರದ ತುಂಬ ಸೌದೆಯ ಹೊಗೆ ಏಳುತ್ತದೆ, ಒಂದು ಮನೆಯ ಮಕ್ಕಳು ಇನ್ನೊಂದು ಮನೆಯ ಮಕ್ಕಳೊಡನೆ ಆಡತೊಡಗುತ್ತಾರೆ, ಕತ್ತಲು ದಟ್ಟವಾದ ಮೇಲೆ ಮಾಂಸದ ವಾಸನೆಗೆ ಕತ್ತೆಕಿರುಬವೊಂದು ಬೇಲಿಯ ಹೊರಮಗ್ಗುಲಲ್ಲಿ ಸದ್ದಿಲ್ಲದೆ ಸುತ್ತು ಹಾಕುತ್ತದೆ. ಬೇಲಿಯ ಈಚೆ ಅಡುಗೆಮನೆ, ಆಚೆ ಅರಣ್ಯ. ನಡುವೆ ನಾಲ್ಕು ಮಾರು. ಖಾಸಗಿ ಲಾಡ್ಜಿನ ಬೆಳ್ಳಿಯ ತಟ್ಟೆಗಳಲ್ಲಿ ಈ ಸುಖ ದೊರೆಯುವುದು ದುರ್ಲಭ.

ಕ್ರೂಗರ್ ಉದ್ಯಾನ

ಸುಮಾರು 19,500 ಚದರ ಕಿ.ಮೀ. ವಿಸ್ತಾರವುಳ್ಳ, ಎಂದರೆ ಕರ್ನಾಟಕದ ಹತ್ತನೆಯ ಒಂದು ಪಾಲಿನಷ್ಟಿರುವ ಈ ಉದ್ಯಾನ ಉತ್ತರ-ದಕ್ಷಿಣವಾಗಿ ಸುಮಾರು 350 ಕಿ.ಮೀ. ಉದ್ದ ಚಾಚಿಕೊಂಡಿದೆ. ಬಂಡೀಪುರ ನಾಗರಹೊಳೆಗಳಲ್ಲಿ ಸಫಾರಿಯ ವಾಹನ ಹತ್ತಿ ಕಾಡು ನೋಡಿ ಅಭ್ಯಾಸವಾದ ಕನ್ನಡಿಗನಿಗೆ ಇಲ್ಲಿ ಮೊದಲು ಅಚ್ಚರಿಯಾಗುವುದು ತನ್ನ ಕಾರಿನಲ್ಲಿ, ತನ್ನ ಮನೆಯವರೊಡನೆ, ತನ್ನ ಇಚ್ಛೆ ಬಂದಷ್ಟು ಹೊತ್ತು ಆನೆಯೆದುರು ನಿಲ್ಲಬಹುದೆಂಬುದು. ಕಾರಿನಿಂದ ಇಳಿಯಕೂಡದು, ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ., ಮಣ್ಣುರಸ್ತೆಯಲ್ಲಿ 40 ಕಿ.ಮೀ. ಮೀರಕೂಡದು. ಸ್ಕುಕೂಜದಿಂದ ಸತಾರಕ್ಕೆ ಇರುವ ದೂರ ಸುಮಾರು 93 ಕಿ.ಮೀ.ಗಳೇ ಆದರೂ, ಜಿರಾಫೆಗೊಮ್ಮೆ ಜೀಬ್ರಕ್ಕೊಮ್ಮೆ ನಿಲ್ಲಿಸುತ್ತ ಹೋಗುವಾಗ ಅರ್ಧ ದಿನ ಕಳೆದುಹೋಗುತ್ತದೆ. ಅದರಿಂದಲೇ ಬಿಡಾರದ ಆಯ್ಕೆಗೆ ಇಷ್ಟು ಮಹತ್ವ. ನವೆಂಬರಿನಿಂದ ಜನವರಿಯವರೆಗೆ ಉದ್ಯಾನದ ಹೊರದ್ವಾರ ತೆರೆಯುವುದು ಬೆಳಗ್ಗೆ ಐದೂವರೆಗೆ. ಒಳಗಿನ ಬಿಡಾರಗಳ ಬಾಗಿಲು ತೆರೆಯುವುದು ನಾಲ್ಕೂವರೆಗೆ. ಆ ಒಂದು ಗಂಟೆಯಲ್ಲಿ, ಬೇಟೆ ಮುಗಿಸಿ ಬೆಚ್ಚನೆಯ ಡಾಂಬರಿನ ಮೇಲೆ ಮಲಗಿದ ಸಿಂಹಗಳು ಹೊರಗಿನವರ ಪಾಲಿಗೆ ಇಲ್ಲ.

ಬಿಡಾರಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಗುಣವುಂಟು. ಸ್ಕುಕೂಜ ಒಂದು ಸಣ್ಣ ಪಟ್ಟಣದಂತೆ; ಸೌಕರ್ಯ ಹೆಚ್ಚು, ಸಂದಣಿಯೂ ಹೆಚ್ಚು. ಲೋಯರ್ ಸಾಬಿ ನದಿಯ ಅಂಚಿನಲ್ಲಿದ್ದು, ಊಟದ ಕಟ್ಟೆಯಿಂದಲೇ ನೀರಾನೆಗಳನ್ನು ನೋಡಲು ಅನುಕೂಲ. ಒಲಿಫಾಂಟ್ಸ್ ಬೆಟ್ಟದ ನೆತ್ತಿಯ ಮೇಲಿನಿಂದ ನದೀಕಣಿವೆಯನ್ನೆಲ್ಲ ಕಣ್ಣಿಗೆ ತಂದುಕೊಡುತ್ತದೆ. ಸತಾರ ಬಯಲುಸೀಮೆಯ ಬಿಡಾರ, ಸಿಂಹಗಳಿಗೆ ಹೆಸರಾದದ್ದು. ಭೂಮಾಪನ ಕಾಲದಲ್ಲಿ ಭಾರತೀಯ ಸಹಾಯಕನೊಬ್ಬನು ಹದಿನೇಳನೆಯ ಜಮೀನನ್ನು ಹಿಂದಿಯ ‘ಸತ್ರಹ್’ ಎಂಬ ಪದದಿಂದ ಗುರುತಿಸಿದ್ದೇ ಈ ಹೆಸರಾಗಿ ಉಳಿಯಿತೆಂದು ಹೇಳುತ್ತಾರೆ. ಉದ್ಯಾನದ ಸಿಬ್ಬಂದಿ ನಡೆಸುವ ಜೀಪು ಸವಾರಿಗೆ ಆರು ವರ್ಷ, ಕಾಲ್ನಡಿಗೆಗೆ ಹನ್ನೆರಡು ವರ್ಷ ತುಂಬಿರಬೇಕೆಂಬ ನಿಯಮವಿದೆ; ಸ್ವಂತ ಕಾರಿಗೆ ವಯಸ್ಸಿನ ಕಟ್ಟಿಲ್ಲ.

ಮಲೇರಿಯ ಇಲ್ಲದ ಅರಣ್ಯಗಳು

ಕ್ರೂಗರ್, ಬೋಟ್ಸ್‌ವಾನದ ಉತ್ತರಭಾಗ, ಜಾಂಬೆಜಿ ಕಣಿವೆ, ಮಳೆಗಾಲದ ಎಟೋಶ ಇವೆಲ್ಲ ಮಲೇರಿಯ ಪ್ರದೇಶಗಳು. ಒಣಗಾಲದಲ್ಲಿ ಭಯ ಕಡಮೆಯಾದರೂ ನಿಶ್ಶೇಷವಾಗುವುದಿಲ್ಲ. ಪ್ರತಿಬಂಧಕ ಮಾತ್ರೆಗಳೆಲ್ಲವೂ ಎಲ್ಲ ವಯಸ್ಸಿನ ಮಕ್ಕಳಿಗೂ ಸಲ್ಲವಾಗಿ ವೈದ್ಯರ ಸಲಹೆ ಅವಶ್ಯ. ಹಸುಗೂಸುಗಳುಳ್ಳವರಿಗೂ ಗರ್ಭಿಣಿಯರಿಗೂ ಮಲೇರಿಯ ಇಲ್ಲದ ಕಡೆ ಬಿಡಾರ ಹೂಡುವುದೇ ಕ್ಷೇಮ. ಅಂಥ ಎಡೆಗಳಿಗೆ ಕೊರತೆಯಿಲ್ಲ. ನಂದಿಹೋದ ಪ್ರಾಚೀನ ಜ್ವಾಲಾಮುಖಿಯ ಉಂಗುರದೊಳಗಿರುವ ಪಿಲಾನೆಸ್‌ಬರ್ಗ್, ಬೋಟ್ಸ್‌ವಾನದ ಗಡಿಯ ಮಾದಿಕ್ವೆ, ವಾಟರ್‌ಬರ್ಗ್ ಗುಡ್ಡಗಾಡು ಇವು ಜೋಹಾನ್ಸ್‌ಬರ್ಗಿನಿಂದ ರಸ್ತೆಯಲ್ಲಿ ಒಂದೇ ಹಗಲಿನಲ್ಲಿ ತಲಪಬಹುದಾದವು. ಪೂರ್ವ ಕೇಪಿನ ಆಡೊ ಆನೆಗಳ ಉದ್ಯಾನ 1931ರಲ್ಲಿ ಹುಟ್ಟಿದಾಗ ಅಲ್ಲಿ ಉಳಿದಿದ್ದ ಆನೆಗಳು ಹನ್ನೊಂದೇ. ಇಂದು ಅವುಗಳ ಸಂಖ್ಯೆ ಆರುನೂರನ್ನು ಮೀರಿದೆ. ಹಿಂದೆ ಆನೆಗಳು ಸೀಮೆ ದಾಟದಿರಲೆಂದು ಅವಕ್ಕೆ ಕಿತ್ತಳೆಹಣ್ಣನ್ನು ಸುರಿಯುತ್ತಿದ್ದರು. ಆ ರುಚಿಗೆ ಬಿದ್ದ ಪ್ರಾಣಿಗಳು ವಾಹನಗಳನ್ನು ಮೂಸತೊಡಗಿದ್ದರಿಂದ ಕಿತ್ತಳೆ ಜಾತಿಯ ಹಣ್ಣನ್ನು ಒಳಗೆ ಒಯ್ಯದಂತೆ ತಡೆಯಬೇಕಾಯಿತು. ಮಕ್ಕಳ ಬುತ್ತಿಯನ್ನು ಕಟ್ಟುವ ತಾಯಂದಿರು ನೆನಪಿಡಬೇಕಾದ ಸಂಗತಿಯಿದು.

ಎಸ್ವಾಟಿನಿಯ ಮ್ಲಿಲ್ವಾನೆ ಎಂಬ ಚಿಕ್ಕ ಅಭಯಾರಣ್ಯ ಮತ್ತೊಂದು ಬಗೆಯ ನೆಲೆ. ಅಲ್ಲಿ ಸಿಂಹವಿಲ್ಲ, ಆನೆಯಿಲ್ಲ. ಆದಕಾರಣ ಕಾರಿನಲ್ಲಿ ಬಂಧಿತರಾಗಿ ಬೇಸತ್ತ ಹುಡುಗರು ಜೀಬ್ರಗಳ ನಡುವೆ ನಡೆಯಬಹುದು, ಸೈಕಲ್ ಹೊಡೆಯಬಹುದು, ರಾತ್ರಿ ಜೇನುಗೂಡಿನಾಕಾರದ ಸ್ವಾಜಿ ಹುಲ್ಲುಗುಡಿಸಲಿನಲ್ಲಿ ಮಲಗಬಹುದು.

ನಟಾಲ್ ಮತ್ತು ಕೇಪ್

ಹಿಂದೂ ಮಹಾಸಾಗರದ ತೀರದ ಡರ್ಬನ್ ನಗರ ಭಾರತೀಯ ಯಾತ್ರಿಕನಿಗೆ ಅರ್ಧ ಪರಿಚಿತ. 1860ರ ನವೆಂಬರ್ 16ರಂದು ಮದರಾಸಿನಿಂದ ಬಂದ ಟ್ರೂರೊ ಹಡಗು ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳನ್ನು ಇಳಿಸಿದಂದಿನಿಂದ ಬೆಳೆದ ಸಮುದಾಯದ ದೆಸೆಯಿಂದ ಇಲ್ಲಿ ಸಾರು ಪಲ್ಯಗಳಿಗೆ ಅಲೆಯಬೇಕಾಗಿಲ್ಲ; ಒಳಗನ್ನು ತೋಡಿದ ರೊಟ್ಟಿಯಲ್ಲಿ ಹುರುಳಿಕಾಯಿಯ ಬೀಜದ ಗೊಜ್ಜು ತುಂಬಿಕೊಡುವ ‘ಬನ್ನಿ ಚೌ’ ಈ ನಗರದ್ದೇ ಸೃಷ್ಟಿ. ಇಲ್ಲಿಂದ ಉತ್ತರಕ್ಕೆ, 1895ರಲ್ಲೇ ರಕ್ಷಿತವಾದ ಹ್ಲುಹ್ಲುವೆ-ಇಂಫೊಲೋಜಿ ಅರಣ್ಯದಲ್ಲಿ, ಅಳಿವಿನಂಚಿಗೆ ಬಂದಿದ್ದ ಬಿಳಿಯ ಘೇಂಡಾಮೃಗದ ವಂಶ ಉಳಿಯಿತು. ಸಮೀಪದ ಸೇಂಟ್ ಲೂಸಿಯ ಊರಿನಲ್ಲಿ ರಾತ್ರಿಯಾದರೆ ನೀರಾನೆಗಳು ಸರೋವರದಿಂದೆದ್ದು ಬೀದಿಯ ಹುಲ್ಲು ಮೇಯಲು ಬರುತ್ತವೆ. ಅಲ್ಲಿಯ ಅತಿಥಿಗೃಹಗಳಲ್ಲಿ ಇಳಿದವರು ಊಟ ಮುಗಿಸಿ ಮಕ್ಕಳೊಡನೆ ಕಾಲ್ನಡಿಗೆಯಲ್ಲಿ ಹಿಂದಿರುಗದೆ ವಾಹನದಲ್ಲಿ ಬರುವುದು ವಿಹಿತ.

ಕೇಪ್‌ಟೌನಿನಲ್ಲಿ ಮೃಗಗಳ ಚಿಂತೆಯಿಲ್ಲ, ಗಾಳಿಯ ಚಿಂತೆಯುಂಟು. ಬೇಸಗೆಯ ಆಗ್ನೇಯ ಮಾರುತ ಬೀಸತೊಡಗಿದರೆ ಟೇಬಲ್ ಪರ್ವತದ ಕೇಬಲ್ ಕಾರು ನಿಂತುಬಿಡುತ್ತದೆ. ಆದ್ದರಿಂದ ಇಲ್ಲಿ ನಾಲ್ಕೈದು ರಾತ್ರಿಯ ವಾಸವಿದ್ದರೆ ಪರ್ವತಕ್ಕೆ ಒಂದು ಶುಭ್ರದಿನ ದೊರೆತೀತು. ಬಂದರಿನ ವಾಟರ್‌ಫ್ರಂಟ್ ಪ್ರದೇಶ ಸಂಜೆಯ ವಿಹಾರಕ್ಕೆ ನಿರ್ಭಯ. ಸೀ ಪಾಯಿಂಟ್ ಕಡಲತಡಿಯ ಅಪಾರ್ಟ್‌ಮೆಂಟುಗಳು ಸ್ವಯಂಪಾಕಿಗಳಿಗೆ ಯೋಗ್ಯ. ಜೋಹಾನ್ಸ್‌ಬರ್ಗಿನಂತೆಯೇ ಇಲ್ಲಿಯೂ ಬಡಾವಣೆಯಿಂದ ಬಡಾವಣೆಗೆ ಸುರಕ್ಷತೆ ಬದಲಾಗುವುದರಿಂದ, ಬಾಡಿಗೆಯ ಅಗ್ಗವನ್ನು ನೋಡುವ ಮೊದಲು ಕಾರು ನಿಲ್ಲಿಸಲು ಗೇಟಿನ ಒಳಗೆ ಎಡೆಯಿದೆಯೇ, ಕತ್ತಲಾದ ಮೇಲೆ ಆ ಬೀದಿಯ ಸ್ಥಿತಿಯೇನು ಎಂಬುದನ್ನು ವಿಚಾರಿಸತಕ್ಕದ್ದು.

ನಮೀಬಿಯ, ಒಕವಾಂಗೊ, ವಿಕ್ಟೋರಿಯ ಜಲಪಾತ

ನಮೀಬಿಯದಲ್ಲಿ ಬಾಗಿಲಿನ ನ್ಯಾಯ ಇನ್ನಷ್ಟು ಕಟ್ಟುನಿಟ್ಟು. ಸೊಸೂಸ್‌ಫ್ಲೈಯ ಕೆಂಪು ಮರಳದಿಬ್ಬಗಳಿಗೆ ಹೋಗುವ ದಾರಿ ಸೆಸ್ರೀಮ್ ದ್ವಾರದಿಂದ ಅರವತ್ತು ಕಿ.ಮೀ. ಮೀರಿದ್ದು; ದ್ವಾರದೊಳಗೆ ತಂಗಿದವರನ್ನು ಸೂರ್ಯೋದಯಕ್ಕೆ ಒಂದು ಗಂಟೆ ಮೊದಲೇ ಬಿಡುವುದರಿಂದ ದಿಬ್ಬದ ಒಂದು ಮಗ್ಗುಲು ಕೆಂಪಾಗಿ ಇನ್ನೊಂದು ಮಗ್ಗುಲು ಕಪ್ಪಾಗಿರುವ ಕ್ಷಣ ಅವರಿಗೆ ಮಾತ್ರ ಲಭ್ಯ. 1907ರಲ್ಲಿ ಮೃಗಧಾಮವಾದ ಎಟೋಶದಲ್ಲಿ ಒಕಾಕ್ವೆಯೊ, ಹಲಾಲಿ, ನಾಮುಟೋನಿ ಎಂಬ ಮೂರು ಹಳೆಯ ಬಿಡಾರಗಳಿವೆ. ನಾಮುಟೋನಿ ಜರ್ಮನರು ಕಟ್ಟಿದ ಬಿಳಿಯ ಕೋಟೆ. ಒಕಾಕ್ವೆಯೊದ ನೀರುಹೊಂಡಕ್ಕೆ ರಾತ್ರಿಯೆಲ್ಲ ದೀಪ ಹಾಕಿರುತ್ತಾರೆ. ಕೆಳಗೋಡೆಯ ಈಚೆಯ ಬೆಂಚುಗಳ ಮೇಲೆ ಕಂಬಳಿ ಹೊದ್ದ ಮಕ್ಕಳು ಕುಳಿತಿರುವಾಗ, ಬೆಳಕಿನ ವೃತ್ತದ ಹೊರಗಿನ ಕತ್ತಲಲ್ಲಿ ಮೊದಲು ಕಲ್ಲಿನ ಮೇಲೆ ಗೊರಸಿನ ಸಪ್ಪಳ, ಬಳಿಕ ಒಂದು ಆಕಾರ, ಬಳಿಕ ನೀರಿನಲ್ಲಿ ತಲೆಕೆಳಗಾದ ಅದರ ಪ್ರತಿಬಿಂಬ: ಕಪ್ಪು ಘೇಂಡಾಮೃಗ. ಮಾತು ತಾನಾಗಿ ನಿಲ್ಲುತ್ತದೆ. ಇದನ್ನು ನೋಡಲು ಕಾರು ಬೇಡ, ಮಾರ್ಗದರ್ಶಿ ಬೇಡ. ಆ ಬಿಡಾರದಲ್ಲಿ ಒಂದು ಹಾಸಿಗೆಯಿದ್ದರೆ ಸಾಕು.

ಬೋಟ್ಸ್‌ವಾನದ ಒಕವಾಂಗೊ ಮುಖಜಭೂಮಿಯ ಲಾಡ್ಜುಗಳಲ್ಲಿ ಅನೇಕಕ್ಕೆ ಮೌನ್ ಪಟ್ಟಣದಿಂದ ಪುಟ್ಟ ವಿಮಾನದಲ್ಲಿ ಹೋಗಬೇಕು. ಬೇಲಿಯಿಲ್ಲದ ಈ ಬಿಡಾರಗಳಲ್ಲಿ ಡೇರೆಯಿಂದ ಊಟದ ಎಡೆಗೆ ರಾತ್ರಿ ಕಾವಲಿಗನಿಲ್ಲದೆ ಹೆಜ್ಜೆಯಿಡುವಂತಿಲ್ಲವಾದ ಕಾರಣ ಸಣ್ಣ ಮಕ್ಕಳನ್ನು ಹಲವರು ಸೇರಿಸಿಕೊಳ್ಳುವುದಿಲ್ಲ. ಕಡಮೆ ಜನ, ಹೆಚ್ಚು ಶುಲ್ಕ ಎಂಬುದು ಆ ದೇಶದ ನೀತಿ. ಮಿತವ್ಯಯಿಗಳು ಕಸಾನೆಯಲ್ಲಿ ತಂಗಿ ಚೋಬೆ ನದಿಯ ದೋಣಿವಿಹಾರದಿಂದ ತೃಪ್ತರಾಗಬಹುದು. ಅಲ್ಲಿಂದ ಅನತಿದೂರದ ವಿಕ್ಟೋರಿಯ ಜಲಪಾತ, 1,708 ಮೀಟರ್ ಅಗಲವುಳ್ಳದ್ದು, ಎರಡು ದೇಶಗಳ ಗಡಿಯಲ್ಲಿ ಧುಮುಕುತ್ತದೆ. ಏಪ್ರಿಲ್-ಮೇಯಲ್ಲಿ ನೀರು ತುಂಬಿ, ತುಂತುರಿನ ಮೋಡವೇ ಜಲಪಾತವನ್ನು ಮರೆಮಾಡುತ್ತದೆ. ಅಕ್ಟೋಬರಿನಲ್ಲಿ ಜಾಂಬಿಯದ ಕಡೆಯ ಬಂಡೆ ಬಹುಮಟ್ಟಿಗೆ ಬರಿದಾಗುತ್ತದೆ. ಹೀಗಾಗಿ ದಸರೆಯ ರಜೆಯಲ್ಲಿ ಹೋದವರು ಜಿಂಬಾಬ್ವೆಯ ದಡದಲ್ಲಿ ಬಿಡಾರ ಮಾಡುವುದು ಯುಕ್ತ.

ಆಯ್ಕೆಯ ವಿವೇಚನೆ

ಮೇಲಿನ ವಿವರಗಳಿಂದ ನಾಲ್ಕು ಪ್ರಶ್ನೆಗಳು ತಾವಾಗಿ ಒಡಮೂಡುತ್ತವೆ: ಬಿಡಾರ ದ್ವಾರದ ಒಳಗೋ ಹೊರಗೋ, ಅದಕ್ಕೆ ಬೇಲಿಯುಂಟೋ ಇಲ್ಲವೋ, ಆ ಋತುವಿನಲ್ಲಿ ಅಲ್ಲಿ ಮಲೇರಿಯ ಉಂಟೋ ಇಲ್ಲವೋ, ಅಡುಗೆಗೆ ಒಲೆ ಉಂಟೋ ಇಲ್ಲವೋ. ಕಡೆಯ ಪ್ರಶ್ನೆ ಅಲ್ಪವೆಂದು ತೋರಿದರೂ ಸಸ್ಯಾಹಾರಿಗಳಿಗೆ ಅಲ್ಪವಲ್ಲ. ಮಾಂಸವೇ ಭೋಜನದ ಕೇಂದ್ರವಾಗಿರುವ ನಾಡಿನಲ್ಲಿ ಒಂದು ಒಲೆ, ಒಂದು ಪಾತ್ರೆ, ಊರಿನಿಂದ ತಂದ ಸಾರಿನ ಪುಡಿ ಇದ್ದರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರ ಹಸಿವೂ ಸಕಾಲಕ್ಕೆ ತೀರುತ್ತದೆ. ಸರ್ಕಾರಿ ಬಿಡಾರಗಳು ಬಹುಬೇಗ ಭರ್ತಿಯಾಗುತ್ತವೆ, ಅದರಲ್ಲಿಯೂ ಅಲ್ಲಿಯ ಶಾಲೆಗಳಿಗೆ ರಜೆಯಿರುವ ಡಿಸೆಂಬರಿನಲ್ಲಿ; ಅನೇಕ ತಿಂಗಳು ಮುಂಚಿತವಾಗಿ ಕಾದಿರಿಸುವುದು ರೂಢಿ.

ಗಾಂಧಿಯವರಿಗೆ ಕೋಣೆ ನಿರಾಕರಿಸಿದ ಜೋಹಾನ್ಸ್‌ಬರ್ಗಿನಲ್ಲಿಯೇ, ಅವರು 1908-09ರಲ್ಲಿ ಗೆಳೆಯ ಹರ್ಮನ್ ಕಾಲೆನ್‌ಬಾಕ್‌ನೊಡನೆ ವಾಸವಾಗಿದ್ದ ಮನೆಯೊಂದು ಆರ್ಚರ್ಡ್ಸ್ ಬಡಾವಣೆಯಲ್ಲಿ ನಿಂತಿದೆ. ವಾಸ್ತುಶಿಲ್ಪಿಯಾಗಿದ್ದ ಕಾಲೆನ್‌ಬಾಕ್ ಅದನ್ನು ಆಫ್ರಿಕದ ದುಂಡುಗುಡಿಸಲುಗಳ ಮಾದರಿಯಲ್ಲಿ, ಹುಲ್ಲಿನ ಚಾವಣಿ ಹೊದಿಸಿ ಕಟ್ಟಿದ್ದನು. ಈಗ ಅದು ಸತ್ಯಾಗ್ರಹ ಹೌಸ್ ಎಂಬ ಹೆಸರಿನ ವಸ್ತುಸಂಗ್ರಹಾಲಯ ಮತ್ತು ಅತಿಥಿಗೃಹ, ಅಡುಗೆಮನೆ ಸಸ್ಯಾಹಾರದ್ದು, ಬಾಗಿಲಿಗೆ ಬಂದವರನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡುವವರು ಅಲ್ಲಿ ಯಾರೂ ಇಲ್ಲ.